ಚೆಕಿಂಗ್ ವಿರುಪಮ್ಮನ ಬುತ್ತಿ

ಜೂನ್ 19, 2006

ಹೊಸಪೇಟೆ ಡಾಕ್ಟ್ರು ಹೇಳಿದರು, “ನಿನ್ನ ಎದಿ ಚಲೋ ಐತೆವ್ವ. ಬಡಕೊಳ್ಳೋದು ಚಿಂತಿಗೆ. ಬಂದ ಚಿಂತಿ ಬಂದಂಗ ಒಂದು ಪುಸ್ತಕದಾಗ ಬರೆದಿಡು, ತಲಿ ಖಾಲಿ ಆಗ್ತೈತಿ.” ಮಗಳು ಸ್ಫೂರ್ತಿಯ ಹೋದ ವರ್ಷದ ನೋಟ್‌ಬುಕ್ಕಿನಾಗ ಅರ್ಧ ಹಾಳಿ ಉಳಿದಿದ್ದವು. ಎಂಟನೇತ್ತಿ ನಡುವಿಗೇ ಶಾಲಿ ಬಿಟ್ಟಾಕಿ ನಾನು. ತಪ್ಪು ಬರೆದ್ರ ಯಾರೂ ನೋಡಂಗಿಲ್ಲ, ಅದೊಂದು ಸಮಾಧಾನ.

ಮೊದಲ ಚಿಂತಿ, ಕೆಲಸ. ಸಂಡೂರು ದಾರ್‍ಯಾಗ ನಮ್ಮಪ್ಪನ ಹೊಲ ಇತ್ತು. ಅದು ಗಣಿ ಕಂಪನಿಯ ವಿಮಾನದ ಮೈದಾನಕ್ಕ ಹೋಯ್ತು. ಹೊಲ ಕೊಟ್ಟ ಮನಿಗೊಂದು ಕೆಲಸ ಅಂದಿದ್ರು. ನನ್ನ ತಮ್ಮ ಲಾರಿ ಹೊಡಿಯಾಕ ಹೋದ, ಕೆಲಸ ನನ್ನ ಪಾಲಿಗೆ ಬಂತು. ಏನು ಕೆಲಸ ಅಂದ್ರ, ವಿಮಾನ ಹತ್ತೋ ಹೆಣ್ಮಕ್ಕಳ ಮೈ ತಡವಿ ನೋಡೋದು. ಒಂದು ಪರದಿ, ಪರದಿ ಹಿಂದ ನಾನು, ನನ್ನ ಕೈಯಾಗ ಕರೇ ಕೋಲು. ಲೋಹ ಕಂಡ್ರ ಕೋಲು ಕೂಗ್ತೈತಿ.

ಯಾರನ್ನರ ಮುಟ್ಟಿದಾಗ ಅವರು ಬೈದ್ರ? ಮುಟ್ಟದ ಬಿಟ್ಟೋರ ಹತ್ರ ಏನರ ಇದ್ರ? ಬರೆದ ಮ್ಯಾಲೆ ತಲಿ ಖಾಲಿ ಆಗಿಲ್ಲ. ಮೊದಲು ಚಿಂತಿ ತಲ್ಯಾಗಷ್ಟ ಇತ್ತು, ಈಗ ಪುಸ್ತಕದಾಗೂ ಐತಿ.

ಜೂನ್ 26

ನಮ್ಮ ಸೆಕ್ಯೂರಿಟಿ ಸಾಹೇಬ್ರು ಮನೋಹರ್ ಅಂತ, ಮಿಲಿಟ್ರಿಯಾಗಿದ್ದೋರು. “ಗಟ್ಟಿಯಾಗಿ ಹೇಳಬೇಕು ವಿರುಪಮ್ಮ. ಕೈ ಮೇಲೆತ್ತಿ! ಹೇಳು.”

“ಕೈ ಮ್ಯಾಲೆತ್ರಿ,” ಅಂದೆ. ನನಗೇ ಕೇಳಿಸಲಿಲ್ಲ, ಅವರಿಗೆಲ್ಲಿ ಕೇಳಿಸಬೇಕು.

“ನೀನೇನು ಸಾಲ ಕೇಳ್ತಿದೀಯಾ? ಆರ್ಡರ್ ಮಾಡು!”

ನಾ ಹುಟ್ಟಿದ ಮ್ಯಾಲೆ ಯಾರಿಗೂ ಆರ್ಡರ್ ಮಾಡಿಲ್ಲ. ಎಮ್ಮಿಗೂ ಬಾರವ್ವ ಅಂತಲೇ ಕರೀತೀನಿ. ಅಂತೂ ಇವತ್ತು ಬಂದ ಹೆಣ್ಮಕ್ಕಳು ತಾವಾಗೇ ಕೈ ಎತ್ತಿದರು. ವಿಮಾನದ ಮಂದಿಗೆ ಅದು ರೂಢಿ ಇದ್ದಂಗೈತಿ. ಪರದಿ ಸರಿಸಿದ ಕೂಡಲೇ ಕೈ ಎತ್ತಿ, ಮುಖ ಆಕಡಿ ತಿರುಗಿಸಿ ನಿಂತಬಿಡ್ತಾರ. ದೊಡ್ಡೋರು ಇಷ್ಟು ಸಲೀಸಾಗಿ ಕೈ ಎತ್ತೋದು ನಾ ಎಲ್ಲೂ ಕಂಡಿಲ್ಲ.

ಸಾಯಂಕಾಲ ಹೊರಗ ಹೋಗುವಾಗ ಗೇಟು ಕಾಯೋ ಮೂಕಣ್ಣ ಕಾಕಾನ ಮುಂದ ಬುತ್ತಿ ಚೀಲ ಹಿಡಿದು ನಿಂತೆ. ನಮ್ಮೂರು ಮಲಪನಗುಡಿಯವರೇ ಅವರು, ನಮ್ಮಪ್ಪನ ಗೆಳೆಯ. “ಏನಿದು?” ಅಂದರು. “ಚೆಕ್ ಮಾಡು ಕಾಕಾ.” ಬಾಯಾಗಿನ ಎಲೆ ಅಡಿಕಿ ಹೊರಗ ಬರೋವಂಗ ನಕ್ಕರು. “ಹುಚ್ಚಿ, ನೀನೇ ಚೆಕ್ ಮಾಡಾಕಿ. ನಿನ್ನ ಚೆಕ್ ಮಾಡಿದ್ರ ಈ ಕಂಪನಿ ನಡೀತೈತೇನು? ನಡಿ ನಡಿ.”

ಜುಲೈ 3

ಕಂಪ್ಲಿಯ ಅಕ್ಕಿ ಮಿಲ್ಲಿನ ಮನಿಯ ಜಂಬವ್ವ ಬಂದಿದ್ದರು. ವಯಸ್ಸಾದೋರು, ಬೆಂಗಳೂರಿಗೆ ಎದಿ ತೋರಿಸಾಕ ತಿಂಗಳಿಗೊಮ್ಮೆ ಹೋಗ್ತಾರಂತ. ಕೋಲು ಎದಿ ಹತ್ರ ಹೋದ ಕೂಡಲೇ ಕೂಗ್ತು. ಸೆರಗಿನ ಒಳಗ ಬೆಳ್ಳಿ ಕರಡಿಗಿ, ಅದರಾಗ ಲಿಂಗ. ಮೈಮ್ಯಾಲಿಂದ ತೆಗಿಯಂಗಿಲ್ಲ, ಇನ್ನೊಬ್ಬರು ಮುಟ್ಟಂಗಿಲ್ಲ. ನನ್ನ ಕೊರಳಾಗೂ ಐತಿ. ಸಾಹೇಬ್ರು ಏನು ಹೇಳ್ಯಾರ? ಲೋಹ ಯಾವುದಿದ್ರೂ ಟ್ರೇದಾಗ.

ಜಂಬವ್ವ ಅಂದರು, “ಅಲ್ಲಬೇ, ನಮ್ಮ ಮಿಲ್ಲಿನ ಲಾರ್‍ಯಾಗ ಹಮಾಲ್ರು ಮೂಟಿ ಮ್ಯಾಲೆ ಕುಂತು ಕಂಪ್ಲಿಯಿಂದ ರಾಯಚೂರು ಮಟ ಹೋಗ್ತಾರ, ಬಾಯಾಗ ಬೀಡಿ, ಕಾಲಾಗ ಸೀಮೆಎಣ್ಣಿ ಡಬ್ಬಿ. ಅವರನ್ನ ಯಾರೂ ಮುಟ್ಟಲ್ಲ. ನಾ ಕಾಲೆಳೆಯೋ ಮುದುಕಿ, ದೇವರನ್ನ ಬಿಚ್ಚಿಕೊಡು ಅಂತೀರಿ. ನಾ ಈ ವಿಮಾನ ಒಯ್ದು ಎಲ್ಲಿ ಇಟ್ಕೊಳ್ಳಲಿ?”

ಕರಡಿಗಿಗೆ ಕೈ ಮುಗಿದು ಒಳಗ ಬಿಟ್ಟೆ. ವಿಮಾನ ಬೆಂಗಳೂರು ಮುಟ್ಟಿದ ಸುದ್ದಿ ಬರೋ ಮಟ ಗಡಿಯಾರ ನೋಡಿಕೋತ ಕುಂತೆ. ಶಿವನ ಮ್ಯಾಲೆ ಸಂಶಯ ಪಟ್ಟಂಗಾತು. ತಪ್ಪುಗಾಣಿಕಿ ಯಾರಿಗೆ ಕಟ್ಟಲಿ?

ಜುಲೈ 12

ನಿನ್ನೆ ಮುಂಬೈದಾಗ ರೈಲಿಗೆ ಬಾಂಬು. ಟಿವ್ಯಾಗ ನೋಡಿ ಅನ್ನ ಸೇರಲಿಲ್ಲ. ಇವತ್ತು ಕೆಲಸಕ್ಕ ಬಂದಾಗ ಸಾಹೇಬ್ರು ನಮ್ಮಲ್ಲಿ ಚೆಕಿಂಗು ಡಬಲ್ ಅಂದರು. ನನಗ ತಿಳೀಲಿಲ್ಲ. ಹೆಂಗೋ ಧೈರ್ಯ ಮಾಡಿ ಕೇಳಿದೆ, “ಸರ್, ಬಾಂಬು ಇಟ್ಟಿದ್ದು ರೈಲಿನಾಗಲ್ಲೇನ್ರಿ?”

“ಹೌದು.”

“ಮತ್ತ ಡಬಲ್ ಮಾಡೋದು ರೈಲಿನಾಗಲ್ಲೇನ್ರಿ?”

“ರೈಲಲ್ಲಿ ಲಕ್ಷ ಜನ ವಿರುಪಮ್ಮ. ಅಷ್ಟು ಜನರನ್ನ ನಿಲ್ಲಿಸಿ ನೋಡಿದರೆ ಊರು ನಡೆಯೋದಿಲ್ಲ. ವಿಮಾನ ಹಂಗಲ್ಲ. ಅದರೊಳಗೆ ಒಬ್ಬ ಕೆಟ್ಟವ ಕೂತರೆ ಅದನ್ನೇ ಬಾಂಬು ಮಾಡ್ತಾನೆ. ರೈಲು ನಿಲ್ಲಿಸಬಹುದು, ಆಕಾಶದಲ್ಲಿ ಎಲ್ಲಿ ನಿಲ್ಲಿಸ್ತೀ?”

ಖರೇನ ಅನ್ನಿಸ್ತು. ಮನಿಗೆ ಬಂದು ಇವರಿಗೆ ಹೇಳಿದೆ. ನಮ್ಮನಿಯವರು ಮಲಪನಗುಡಿಯಿಂದ ಹೊಸಪೇಟೆ ಮ್ಯಾಲಾಸಿ ಸಂಡೂರಿಗೆ ಮಂದಿ ಒಯ್ಯೋ ಟ್ರ್ಯಾಕ್ಸ್ ಗಾಡಿ ಹೊಡೀತಾರ. ಮುಂಜಾನೆ ಅದೇ ಗಾಡ್ಯಾಗ ಮಗಳು ಹೊಸಪೇಟೆ ಶಾಲಿಗೆ ಇಳೀತಾಳ, ನಾನು ಮುಂದ ಮೈದಾನದ ಗೇಟಿಗೆ.

ಇವರು ನಕ್ಕರು. “ಲಕ್ಷ ಮಂದಿ ಸತ್ರ ಲೆಕ್ಕ ಹಿಡಿಯೋದು ಕಷ್ಟ, ಐವತ್ತು ಮಂದಿ ಸತ್ರ ಸುಲಭ. ಅದಕ್ಕ ಐವತ್ತು ಮಂದೀನ ಕಾಯ್ತಾರ ನಿಮ್ಮ ಸಾಹೇಬ್ರು.”

“ನಿಮ್ಮ ಗಾಡ್ಯಾಗ ಹತ್ತೋರನ್ನ ಯಾರು ಕಾಯ್ತಾರ?”

“ಗುಡ್ಡದ ಮ್ಯಾಲಿನ ಜಂಬುನಾಥ ಸ್ವಾಮಿ.”

ಜುಲೈ 21

ಇಷ್ಟು ವರ್ಷ ಆ ಗಾಡ್ಯಾಗ ಕುಂತೀನಿ, ಈಗ ಕಣ್ಣಿಗೆ ಬೀಳಾಕತ್ತೈತಿ. ಇವತ್ತು ನನ್ನ ಕಾಲಡಿ ಸೀಮೆಎಣ್ಣಿ ಕ್ಯಾನು. ಹಿಂದಿನ ಸೀಟಿನಾಗ ಒಬ್ಬಾತ ಎರಡು ಕುಡಗೋಲು ತೊಡಿ ಮ್ಯಾಲೆ ಇಟ್ಕೊಂಡು ತೂಕಡಿಸ್ತಿದ್ದ. ಗಾಡಿ ಟಾಪಿನ ಮ್ಯಾಲೆ ಗ್ಯಾಸ್ ಸಿಲಿಂಡರು, ಸಿಲಿಂಡರಿಗೆ ಒರಗಿ ಬೀಡಿ ಸೇದೋ ಇಬ್ಬರು. ಎದುರಿಗೆ ಅದಿರು ಲಾರಿಗಳ ಸಾಲು. ಕೆಂಪು ಧೂಳಿನಾಗ ಅವು ಎದುರು ಬರಾಕತ್ತಾವೋ ನಿಂತಾವೋ ತಿಳಿಯಂಗಿಲ್ಲ. ಮಗಳು ಬಾಗಿಲಿಗೆ ಜೋತುಬಿದ್ದಂಗ ನಿಂತಿದ್ದಳು.

ಗೇಟಿನಾಗ ಇಳಿದು ಪರದಿ ಹಿಂದ ಹೋಗಿ ಒಬ್ಬ ಇಂಜಿನಿಯರಮ್ಮನ ಕೈಚೀಲದಿಂದ ಉಗುರು ಕತ್ತರಿಸೋದು ಕಸಗೊಂಡೆ. “ಇದರಿಂದ ಏನಾಗುತ್ತೆ?” ಅಂದರು. ಏನಾಗ್ತೈತಿ ಅಂತ ನನಗೂ ಗೊತ್ತಿಲ್ಲ.

ಆಗಸ್ಟ್ 14

ಲಂಡನ್ನಿನಾಗ ಯಾರೋ ಬಾಟ್ಲಿಯೊಳಗ ಬಾಂಬು ಮಾಡಾಕ ಹೋಗಿ ಸಿಕ್ಕರಂತ. ಹಂಗಾಗಿ ನಮ್ಮ ಮೈದಾನದಾಗೂ ಇನ್ನು ನೀರು ಕೂಡ ಒಳಗ ಬಿಡಂಗಿಲ್ಲ. ಇವತ್ತು ಸಿಕ್ಕಿದ್ದು: ತಲಿಗೆಣ್ಣಿ, ಜೇನುತುಪ್ಪ, ಮಾವಿನಕಾಯಿ ಉಪ್ಪಿನಕಾಯಿ. ಉಪ್ಪಿನಕಾಯಿ ನೀರೋ ಗಟ್ಟಿಯೋ ಅಂತ ಸಾಹೇಬ್ರೂ ಮೂಕಣ್ಣ ಕಾಕಾನೂ ಭಾಳ ಹೊತ್ತು ವಾದ ಮಾಡಿದರು. ವಿಮಾನ ಹೋದ ಮ್ಯಾಲೆ ಕಾಕಾ ಅದನ್ನ ರೊಟ್ಟಿಗೆ ಹಚ್ಚಿಕೊಂಡು ಪರೀಕ್ಷಾ ಮಾಡಿ, “ಗಟ್ಟಿ” ಅಂದರು.

ಹಂಪಿ ಬಜಾರದಾಗ ವಾರ ಇದ್ದು ಬಂದ ಪರದೇಶಿ ಹುಡುಗಿಯೊಬ್ಬಳು ಬಾಟ್ಲಿ ನೀರು ಅಲ್ಲೇ ಗಟಗಟ ಕುಡಿದು ಖಾಲಿ ಮಾಡಿ, ನಾ ಹೇಳೋಕ್ಕಿಂತ ಮೊದಲೇ ಕೈ ಎತ್ತಿದಳು. ನಗು ಬಂತು. ಮೊದಲ ಸಲ ಗಟ್ಟಿಯಾಗಿ ಅಂದೆ, “ಕೈ ಮ್ಯಾಲೆ!” ಎತ್ತಿದ ಕೈ ಇನ್ನಷ್ಟು ಮ್ಯಾಲೆ ಹೋದವು.

ಆಗಸ್ಟ್ 29

ಚಿಂತಿ ಏನೂ ಇಲ್ಲ ಇವತ್ತು. ಯಾಕಿಲ್ಲ ಅಂತ ಹೆದರಿಕಿ ಆಗಾಕತ್ತೈತಿ.

ಸೆಪ್ಟೆಂಬರ್ 6

ತಡೀಲಾರದ ಮುಂಜಾನೆ ಟ್ರ್ಯಾಕ್ಸಿನ ಸೀಟಿನ ಕೆಳಗ ಬಗ್ಗಿ ನೋಡಿದೆ. ತರಕಾರಿ ಮಾರೋ ಹೊನ್ನೂರಮ್ಮ ಕೂಗಿದಳು, “ಏ ಹನುಮೇಶಣ್ಣ, ನಿನ್ನ ಹೇಣ್ತಿ ನನ್ನ ಬದನಿಕಾಯಿ ಚೆಕ್ ಮಾಡಾಕತ್ಯಾಳ ನೋಡು! ಯಾವಾಗ ಹಾರ್‍ತೈತಿ ನಿನ್ನ ವಿಮಾನ?”

ಗಾಡಿ ತುಂಬ ನಗು. “ಬೆಲ್ಟ್ ಹಾಕ್ಕೊಳ್ರಪ್ಪೋ,” ಅಂದ ಒಬ್ಬ. ಅವನು ಏಣಿ ಹಿಡಿದು ಹೊರಗ ಜೋತಾಡ್ತಿದ್ದ.

ಇಳಿಯೋವಾಗ ಇವರು ಮೆಲ್ಲಕ ಅಂದರು, “ಮಂದಿ ಮುಂದ ನನ್ನ ಮಾನ ಕಳೀಬ್ಯಾಡ. ನಿನ್ನ ಕೋಲು ಪರದಿ ಹಿಂದ ಇರಲಿ.”

ಸಂಜಿ ಆಗೋದ್ರೊಳಗ ಊರಾಗ ನನಗ ಚೆಕಿಂಗ್ ವಿರುಪಮ್ಮ ಅಂಬೋ ಹೆಸರು ಬಿದ್ದೈತಿ.

ಅಕ್ಟೋಬರ್ 1

ಆಯುಧ ಪೂಜೆ. ಮುಂಜಾನೆ ಟ್ರ್ಯಾಕ್ಸಿಗೆ ಬಾಳಿಗಿಡ, ಚೆಂಡುಹೂವು, ಗಾಲಿ ಕೆಳಗ ನಿಂಬಿಹಣ್ಣು. ಆಮ್ಯಾಲೆ ಮೈದಾನದಾಗ ಚೀಲ ನೋಡೋ ಮಷೀನಿಗೂ ನನ್ನ ಕೋಲಿಗೂ ಕುಂಕುಮ. ಸಾಹೇಬ್ರು ಬೂದುಗುಂಬಳ ಒಡೆಯಾಕ ಮಚ್ಚು ತರಿಸಿದರು. ಮಚ್ಚು ಒಳಗ ತರಾಕ ಪರ್ಮಿಷನ್ ಇಲ್ಲ ಅಂತ ಅವರದೇ ರೂಲು. ಕಡಿಗೆ ಕುಂಬಳಕಾಯೇ ಗೇಟಿನ ಹೊರಗ ಹೋತು.

ಟ್ರ್ಯಾಕ್ಸಿನ ಪೂಜಿಗೆ ಉಚ್ಚೆಂಗಪ್ಪ ಅಂಬೋರು ಬಂದಿದ್ದರು. ಸಂಡೂರು ಕಡೆ ಕಲ್ಲು ಕ್ವಾರಿ ಅವರದು. ಇವರಿಗೂ ಅವರಿಗೂ ಗುಸುಗುಸು. “ಏನ್ರಿ ಅದು?” ಅಂದೆ. “ಪಾರ್ಸಲ್ ಬಾಡಿಗಿ,” ಅಂದರು. ಎದಿ ಬಡಕೊಂಡಿತು. ಪೂಜಿ ದಿನ ಯಾಕ ಬಡಕೊಳ್ಬೇಕು, ನನ್ನ ಸ್ವಭಾವನೇ ಹಂಗ.

ಅಕ್ಟೋಬರ್ 9

ಹೆಂಗ ಬರೀಲಿ.

ಮುಂಜಾನೆ ಎಂದಿನಂಗ ಗಾಡಿ ತುಂಬಿತ್ತು. ನಾ ಹಿಂದ ಕುಂತಿದ್ದೆ. ಮುಂದಿನ ಸೀಟಿನಾಗ ಸ್ಫೂರ್ತಿ, ಆಕಿ ತೊಡಿ ಮ್ಯಾಲೆ ನನ್ನ ಬುತ್ತಿ ಚೀಲ. ಹೊಸಪೇಟ್ಯಾಗ ಆಕಿ ಇಳಿದಳು, ನಾ ಮುಂದ ಹೋಗಿ ಚೀಲ ತೊಡಿ ಮ್ಯಾಲೆ ಇಟ್ಕೊಂಡೆ. ಮಜ್ಜಿಗಿ ಚೆಲ್ಲಬಾರದಂತ ಎರಡೂ ಕೈಲೆ ಹಿಡಿದಿದ್ದೆ. ಗೇಟು ಬಂದಾಗ ಹಿಂದಿನ ಅದಿರು ಲಾರಿಯವ ಬಿಡದಂಗ ಹಾರ್ನು ಹೊಡೆದ. ಇವರು ನನ್ನ ಕೈಯಾಗಿನ ಚೀಲ ನೋಡಿ ಏನೋ ಹೇಳಾಕ ಬಾಯಿ ತೆರೆದರು, ಲಾರಿ ಮೈಮ್ಯಾಲೆ ಬಂದಂಗಾಗಿ ಗಾಡಿ ಎಳಕೊಂಡು ಹೋದರು. ಮೂಕಣ್ಣ ಕಾಕಾ ಸಲಾಮು ಹೊಡೆದರು. ಒಳಗ ಹೋಗಿ ಚೀಲ ಪರದಿ ಹಿಂದ ಕಾಲ ಹತ್ರ ಇಟ್ಟೆ.

ವಿಮಾನಕ್ಕ ಜಂಬವ್ವ ಬಂದಿದ್ದರು. ಕರಡಿಗಿಗೆ ಕೈ ಮುಗಿದು ಕೋಲು ಕೆಳಗ ಇಳಿಸಿದೆ. ಪೀಂಯ್ ಅಂತು. ಕಾಲುಂಗರ ಇರಬೇಕು ಅಂತ ಸರಿಸಿದೆ, ಮತ್ತ ಪೀಂಯ್.

“ನನ್ನದಲ್ಲ ತಗೋ ತಂಗಿ,” ಅಂದರು ಜಂಬವ್ವ. “ಅಲ್ಲಿ ನೋಡು, ನಿನ್ನ ಬುತ್ತಿ ಕೂಗಾಕತ್ತೈತಿ.”

ಸ್ಟೀಲ್ ಡಬ್ಬಿ, ಕೂಗೋದೇನು ದೊಡ್ಡದಲ್ಲ. ಇಬ್ಬರೂ ನಕ್ಕೆವು. ಆದರ ಕೂಗಿದ್ದನ್ನ ಬಿಚ್ಚಿ ನೋಡದ ಬಿಡಬ್ಯಾಡ ಅಂತ ಸಾಹೇಬ್ರು ಹೇಳ್ಯಾರ. ಆಕಿನ್ನ ಕಳಿಸಿ ಚೀಲ ಬಿಚ್ಚಿದೆ. ರೊಟ್ಟಿ ಗಂಟಿನ ಕೆಳಗ ಇವರ ಹಳೇ ಪಂಚಿಯ ಇನ್ನೊಂದು ಗಂಟು. ಅದರೊಳಗ ಸಣ್ಣ ಬೆಳ್ಳನೆ ನಳಿಗಿಗಳು, ಬಾಲದಂಗ ಎರಡೆರಡು ವೈರು. ಕೇಪು! ಬಂಡೆಗಲ್ಲು ಸಿಡಿಸೋ ಮದ್ದಿನ ತೋಟಾಕ್ಕ ಬೆಂಕಿ ಕೊಡೋ ಕೇಪು. ಈ ಸೀಮ್ಯಾಗ ಹುಟ್ಟಿದೋರಿಗೆ ಅದನ್ನ ತೋರಿಸಿ ಹೇಳಬೇಕಾಗಿಲ್ಲ. ನಮ್ಮೂರಾಗ ಎರ್ರೆಮ್ಮನ ಗಂಡನ ಮೂರು ಬೆರಳು ಹೋಗಿದ್ದು ಒಂದೇ ಕೇಪಿಗೆ.

ಪರದಿ ಆಕಡಿ ಹೆಣ್ಮಕ್ಕಳು ಕೈ ಎತ್ತಾಕ ತಯಾರಾಗಿ ಸಾಲಿನಾಗ ನಿಂತಿದ್ದರು. ಈಕಡಿ ನಾನು, ಕೇಪು. ಇಷ್ಟು ದಿನ ಕಸಗೊಂಡಿದ್ದು ಉಗುರು ಕತ್ತರಿ, ತಲಿಗೆಣ್ಣಿ, ಉಪ್ಪಿನಕಾಯಿ. ಖರೇ ಖರೇ ಸಾಮಾನು ತಂದಾಕಿ ನಾನೊಬ್ಬಳೇ.

ಸಾಹೇಬ್ರಿಗೆ ಹೇಳಿದ್ರ ಇವರು ಜೇಲಿಗೆ. ಹೇಳದಿದ್ರ? ಗಂಟು ಮತ್ತ ಕಟ್ಟಿ, ಕೋಲಿನಿಂದ ದೂರದ ಮೂಲ್ಯಾಗ ಇಟ್ಟು, ಸೆರಗು ಸರಿಮಾಡಿಕೊಂಡು ಪರದಿ ಸರಿಸಿದೆ. “ಕೈ ಮ್ಯಾಲೆ.” ದನಿ ಎಲ್ಲಿಂದ ಬಂತೋ. ಕಡೀ ಪ್ಯಾಸೆಂಜರ್ ಮಟ ಎಲ್ಲಾರನ್ನೂ ನೋಡಿದೆ. ಆಮ್ಯಾಲೆ ಹೊಟ್ಟಿ ಬ್ಯಾನಿ ಅಂತ ಹೇಳಿ ಚೀಲ ಹಿಡಿದು ಹೊರಟೆ. ಮೂಕಣ್ಣ ಕಾಕಾ, “ಊಟ ಮಾಡಿಲ್ಲೇನು, ಚೀಲ ಭಾರ ಐತಲ್ಲ?” ಅಂದರು. ಮತ್ತ ಸಲಾಮು.

ರೋಡಿಂದ ದೂರ, ಮಂದಿ ಇಲ್ಲದ ಕಡೆ, ಒಂದು ಜಾಲಿ ಗಿಡದ ಕೆಳಗ ಗಂಟು ಇಟ್ಟು ಕಾದೆ. ಇವರು ವಾಪಸ್ ಬಂದದ್ದು ಗಾಡಿ ತುಂಬ ಮಂದಿ ಹಾಕ್ಕೊಂಡೇ. ಹಿಂದ ಉಚ್ಚೆಂಗಪ್ಪನ ಜೀಪು. ಇವರು ಓಡಿ ಬಂದರು. “ಸಿಕ್ತಾ? ಸದ್ದು ಮಾಡಬ್ಯಾಡ, ಕೊಡು.”

“ಮೊದಲು ಎಲ್ಲಾರನ್ನೂ ಇಳಿಸ್ರಿ.”

“ಲೇ, ಜಲ್ದಿ ಕೊಡು.”

“ಇಳಿಸ್ರಿ ಅಂದೆ.”

ಇಳಿಸಿದರು. ಮಂದಿ ಗೊಣಗಿದರು. ಗಂಟು ಉಚ್ಚೆಂಗಪ್ಪನ ಜೀಪಿಗೆ ಹೋತು. ಅವನು ನಗ್ತಿದ್ದ, “ಯಾಕವ್ವ ಇಷ್ಟು ಹೆದರ್ತಿ? ಇಷ್ಟು ವರ್ಷದಾಗ ಏನಾಗೈತಿ?”

ಇವರು ಹೇಳಿದ ಮಾತು ಬರೆದಿಡ್ತೀನಿ, ಇಲ್ಲದಿದ್ರ ನಾನೇ ನಂಬಂಗಿಲ್ಲ. “ತೋಟಾ, ಕೇಪು ಎರಡೂ ಒಂದೇ ಕಡೆ ಇಡಬಾರದು, ಅಷ್ಟು ನನಗೂ ಗೊತ್ತೈತಿ. ತೋಟಾದ ಪೆಟ್ಟಿಗಿ ಹಿಂದಿನ ಸೀಟಿನ ಕೆಳಗ ಇಟ್ಟೆ. ಕೇಪು ಅಲುಗಾಡದಂಗ ಒಯ್ಯಬೇಕಲ್ಲ. ಈ ಗಾಡ್ಯಾಗ ಅಲುಗಾಡದೇ ಇರೋದು ನಿನ್ನ ಬುತ್ತಿ ಒಂದೇ. ನಿನ್ನಷ್ಟು ಜ್ವಾಕಿ ಯಾರು ಹಿಡೀತಾರ ಹೇಳು? ಗೇಟಿನ್ಯಾಗ ತಗೋಬೇಕಂತ ಇದ್ದೆ, ಆ ಲಾರಿಯವ ಬಿಡಲಿಲ್ಲ.”

ಹಿಂದಿನ ಸೀಟಿನಾಗ ಕುಂತಾಕಿ ನಾನು. ಮುಂದ ಆ ಚೀಲ ತೊಡಿ ಮ್ಯಾಲೆ ಇಟ್ಕೊಂಡಾಕಿ ಸ್ಫೂರ್ತಿ.

ಅಕ್ಟೋಬರ್ 10

ಇವರ ಬುತ್ತಿ ಕಟ್ಟಿಲ್ಲ.

ಅಕ್ಟೋಬರ್ 11

ಇವರು ಜಂಬುನಾಥನ ಮ್ಯಾಲೆ ಆಣಿ ಇಟ್ಟರು, ಇನ್ನ ಒಯ್ಯಂಗಿಲ್ಲ ಅಂತ. ಆಣಿ ಇಟ್ಟಾಗ ಎರಡೂ ಕೈ ಕಾಣೋವಂಗ ಇದ್ದವಾ ಅಂತ ನೋಡಿದೆ. ನಾ ಯಾಕ ಹಿಂಗಾದೆ?

ಅಕ್ಟೋಬರ್ 13

ಗೇಟಿನಾಗ ಚೀಲ ತೆರೆದು ನಿಂತೆ. “ಕಾಕಾ, ಚೆಕ್ ಮಾಡು. ಮಾಡದಿದ್ರ ನಾ ಒಳಗ ಹೋಗಂಗಿಲ್ಲ.”

“ಏನಾಗೈತಿ ನಿನಗ?”

“ಡಬ್ಬಿ ತೆಗೆದು ಕೆಳಗೂ ನೋಡು.”

ಹಿಂದ ಸಾಹೇಬ್ರ ಜೀಪು ನಿಂತು, ಹಾರ್ನು. ನಾ ಅಲುಗಾಡಲಿಲ್ಲ. ಸಾಹೇಬ್ರು ಇಳಿದು ಬಂದರು. ಮುಗೀತು ನನ್ನ ಕೆಲಸ ಅಂತ ಮಾಡಿದ್ದೆ. “ಏನು ವಿಷಯ?” ಅಂದರು. ಬಾಯಿಗೆ ಬಂದದ್ದು ಹೇಳಿದೆ, “ಸರ್, ಎಲ್ಲಾರನ್ನೂ ಸಂಶಯ ಪಡೋರು ನಾವು. ನಮ್ಮನ್ನ ಯಾಕ ಬಿಡಬೇಕ್ರಿ?”

ಸಾಹೇಬ್ರು ನನ್ನ ಮುಖ ನೋಡಿದರು, ಚೀಲ ನೋಡಿದರು, ಟೊಪ್ಪಿಗಿ ತೆಗೆದರು. “ಇಪ್ಪತ್ತು ವರ್ಷ ಮಿಲಿಟರಿಯಲ್ಲಿ ನನಗೆ ಇದನ್ನ ಯಾರೂ ಹೇಳಿರಲಿಲ್ಲ.” ಆಮ್ಯಾಲೆ ತಾವೇ ಕೈ ಎತ್ತಿ ಕಾಕಾನ ಮುಂದ ನಿಂತರು. ಕಾಕಾನ ಮುಖ ನೋಡಬೇಕಿತ್ತು. ಸಾಹೇಬ್ರ ಜೇಬಿನಾಗ ಉಗುರು ಕತ್ತರಿಸೋದು ಸಿಕ್ತು.

ಅಕ್ಟೋಬರ್ 24

ಸ್ಫೂರ್ತಿ ಸಂಜಿಗೆ ಬ್ಯಾರೆಯವರ ಟ್ರ್ಯಾಕ್ಸಿನಾಗ ಬಂದಳು. “ಅಮ್ಮ, ಸೀಟಿನ ಕೆಳಗ ಉಚ್ಚೆಂಗಪ್ಪಜ್ಜನ ಪೆಟ್ಟಿಗಿ ಇತ್ತು, ಕಾಲಿಡಾಕ ಜಾಗ ಇರಲಿಲ್ಲ,” ಅಂದಳು. ಇವರು ಒಲ್ಲೆ ಅಂದ ಮ್ಯಾಲೆ ಬಾಡಿಗಿ ಅಲ್ಲಿಗೆ ಹೋಗೈತಿ.

ಆ ಗಾಡಿಯವನ ಮನಿಗೆ ಹೋದೆ. “ಇಂಥಾ ಪೆಟ್ಟಿಗಿ ಹಾಕ್ಕೊಂಡು ಮಕ್ಕಳನ್ನ ಹತ್ತಿಸಿಕೊಂಡ್ರ ನಾ ಸುಮ್ಮನಿರಂಗಿಲ್ಲ, ನೇರ ಸ್ಟೇಷನ್ನಿಗೆ ಹೋಗ್ತೀನಿ,” ಅಂದೆ. “ನಿನ್ನ ಗಂಡ ಒಯ್ದಾಗ ಎಲ್ಲಿ ಹೋಗಿದ್ದೆವ್ವ?” ಅಂದ.

ಪರದಿ ಹಿಂದ ಇದ್ದೆ ಅಂದೆ. ಅವನಿಗೆ ತಿಳೀಲಿಲ್ಲ.

ನವೆಂಬರ್ 2

ನಿನ್ನೆ ರಾಜ್ಯೋತ್ಸವದಾಗ ಕಂಪನಿಯವರು ನನಗ ಶಾಲು, ಪ್ರಶಸ್ತಿಪತ್ರ ಕೊಟ್ಟರು. “ಭದ್ರತೆಯಲ್ಲಿ ಜಾಗರೂಕತೆ ತೋರಿದ ಶ್ರೀಮತಿ ವಿರುಪಮ್ಮ.” ಇನ್ನ ಸಿಬ್ಬಂದಿಗೂ ಚೆಕಿಂಗು ಖಾಯಂ. ಸಾಹೇಬ್ರು ಭಾಷಣದಾಗ ಅಂದರು, “ನಮ್ಮ ನಿಲ್ದಾಣದ ಒಳಗೆ ಇವತ್ತಿನವರೆಗೆ ಒಂದು ಅಪಾಯಕಾರಿ ವಸ್ತುವೂ ಬಂದಿಲ್ಲ!” ಮಂದಿ ಚಪ್ಪಾಳಿ ಹೊಡೆದರು. ನಾನೂ ಹೊಡೆದೆ, ಎಲ್ಲಾರಕ್ಕಿಂತ ಜೋರಾಗಿ.

ಇವರು ಆ ಪತ್ರಕ್ಕ ಪ್ಲಾಸ್ಟಿಕ್ ಹೊದಿಸಿ ಟ್ರ್ಯಾಕ್ಸಿನ ಕನ್ನಡಿ ಪಕ್ಕ ನೇತು ಹಾಕ್ಯಾರ. ಹೊನ್ನೂರಮ್ಮ ಓದಿಸಿಕೊಂಡು, “ಅಂದ್ರ ಈ ಗಾಡಿ ಈಗ ಸೇಫು!” ಅಂದಳಂತ.

ನವೆಂಬರ್ 8

ಮುಂಜಾನೆ ಇವರು ಗಾಡಿ ಚಾಲೂ ಮಾಡೋಕ್ಕಿಂತ ಮೊದಲು ಹೋಗಿ ಬಾಗಿಲಿಗೆ ನಿಂತೆ. ಸೀಟು ಎತ್ತಿಸಿ ನೋಡಿದೆ. ಹೊನ್ನೂರಮ್ಮ ಬುಟ್ಟಿ ಮುಂದ ಮಾಡಿ, “ನೋಡವ್ವ, ಇವತ್ತು ಹೀರಿಕಾಯಿ,” ಅಂದಳು. ನಗಲಿಲ್ಲ ಆಕಿ. ಹಿಂದಿದ್ದೋರೂ ಒಬ್ಬೊಬ್ಬರಾಗಿ ಚೀಲದ ಬಾಯಿ ತೆರೆದರು. ಸೀಮೆಎಣ್ಣಿ ಕ್ಯಾನಿನವ ಗೊಣಗಿದ, “ಮತ್ತ ನಾ ಹೆಂಗ ಒಯ್ಯಲಿ?” ಮುಂದಿನ ಗಾಡ್ಯಾಗ ಬಾ ಅಂದೆ. ಮುಂದಿನ ಗಾಡ್ಯಾಗೂ ಮಕ್ಕಳು ಇರ್ತಾವ ಅಂತ ಆಮ್ಯಾಲೆ ನೆನಪಾತು. ಬರೆದಿಡಬೇಕು ಅದನ್ನ, ನಾಳೆಗೆ ಚಿಂತಿ ಬೇಕಾಗ್ತೈತಿ.

ಹೊಸಪೇಟೆ ಡಾಕ್ಟ್ರ ಹತ್ರ ಹೋದ ತಿಂಗಳೇ ಹೋಗಬೇಕಿತ್ತಂತ. ಇವರು ನೆನಪು ಮಾಡಿದರು. ನನಗ ಮರ್ತೇ ಹೋಗಿತ್ತು.

ಎಲ್ಲಾರೂ ಹತ್ತಿದ ಮ್ಯಾಲೆ ಇವರು ಡ್ರೈವರ್ ಸೀಟಿಗೆ ಕಾಲಿಟ್ಟರು.

“ತಡೀರಿ,” ಅಂದೆ.

“ನನ್ನನ್ನೂ ಏನು?”

ಸ್ಫೂರ್ತಿ ಮುಂದಿನ ಸೀಟಿನಾಗ, ಬುತ್ತಿ ಚೀಲದ ಬಾಯಿ ತೆರೆದು ತೊಡಿ ಮ್ಯಾಲೆ ಇಟ್ಕೊಂಡು, ಅಪ್ಪನ ಕಡೆ ನೋಡಾಕತ್ತಿದ್ದಳು.

“ಕೈ ಮ್ಯಾಲೆತ್ರಿ.”

ಎತ್ತಿದರು.